ಏಳನೇ ದಿನದ ನಾಡಿ

ಅಕ್ಕನ ಎರಡೂ ಕಾಲಿನ ಹೆಬ್ಬೆರಳುಗಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಕಡೆ ಚರ್ಮ ದಪ್ಪಗೆ ಬೆಳೆದು ಹುಣಸೆಬೀಜದ ಹಾಗೆ ಕಂದುಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಹದಿನೈದನೇ ವಯಸ್ಸಿನಲ್ಲಿ ಯಾರೋ ಕೊಟ್ಟ, ಒಂದು ಅಳತೆ ಚಿಕ್ಕದಾದ ಮೊಳೆಯ ಸ್ಪೈಕ್ಸ್ ಶೂ ಹಾಕಿಕೊಂಡು ಅವಳು ಎರಡು ವರ್ಷ ಓಡಿದ್ದಳು. ಉಗುರು ಕಪ್ಪಾಗಿ ಬಿತ್ತು, ಮತ್ತೆ ಬಂತು, ಮತ್ತೆ ಬಿತ್ತು, ಕೊನೆಗೆ ಬರುವುದನ್ನೇ ನಿಲ್ಲಿಸಿತು. "ಶೂ ಚಿಕ್ಕದು ಅಂತ ನಿನ್ನ ಕೋಚಿಗೆ ಯಾಕೆ ಹೇಳಲಿಲ್ಲ?" ಎಂದು ನಾನೊಮ್ಮೆ ಕೇಳಿದ್ದೆ. "ಅವರು ಕೇಳಲಿಲ್ಲವಲ್ಲೇ" ಎಂದಳು. ಹೆಬ್ಬೆರಳು ಸವರಿಕೊಂಡು, "ಓಡೋ ಮಗು ತಾನಾಗಿ ಏನೂ ಹೇಳಲ್ಲ ಕಣೇ. ಕೋಚಾದೋನು ಕೇಳಬೇಕು" ಎಂದಳು.

ನಮ್ಮ ಅಪ್ಪ ರೈಲ್ವೆಯಲ್ಲಿದ್ದರು. ಅರಸೀಕೆರೆಯಿಂದ ವರ್ಗವಾಗಿ ಚೆನ್ನೈಗೆ ಬಂದ ಮೂರನೇ ವರ್ಷಕ್ಕೆ ಅಮ್ಮ ತೀರಿಹೋದಳು. ಆಗ ಅಕ್ಕನಿಗೆ ಹದಿನಾರು, ನನಗೆ ಹನ್ನೊಂದು. ಮನೆಯಲ್ಲಿ ಒಲೆ ಹಚ್ಚಲು ಒಬ್ಬರು ಬೇಕಿತ್ತು. ಅಕ್ಕ ಎಂಟುನೂರು ಮೀಟರ್ ಓಟದಲ್ಲಿ ಹೆಸರು ಮಾಡುತ್ತಿದ್ದಳು, ಆಟದ ಮೇಲೆಯೇ ಅವಳಿಗೆ ಕೆಲಸ ಸಿಗಬಹುದು ಎಂದು ಎಲ್ಲರೂ ಹೇಳುತ್ತಿದ್ದರು. ಹಾಗಾಗಿ ಆರನೇ ಕ್ಲಾಸಿನಲ್ಲಿ ನನ್ನನ್ನು ಬಿಡಿಸಿದರು. ಯಾರೂ ಬಲವಂತ ಮಾಡಲಿಲ್ಲ. ನಾನೂ ಅಳಲಿಲ್ಲ. ಕನ್ನಡ ಓದುವುದನ್ನು ಅಕ್ಕನೇ ಬಿಡದೆ ಕಲಿಸಿದಳು. ಸಂಜೆ ಪ್ರಾಕ್ಟೀಸ್ ಮುಗಿಸಿ ಬಂದು, ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತು, ಅಪ್ಪ ತರಿಸುತ್ತಿದ್ದ ಪತ್ರಿಕೆಯನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದಳು. ತಮಿಳು ಬೀದಿಯಲ್ಲಿ ಬಂತು. ಇಂಗ್ಲಿಷ್ ಬರಲೇ ಇಲ್ಲ.

ಅಕ್ಕನಿಗೆ ಕೆಲಸ ಸಿಕ್ಕಿತು. ಓಡುವುದು ನಿಂತ ಮೇಲೆ ಕೋಚ್ ಆದಳು. ಅಪ್ಪ ಹೋದ ಮೇಲೆ ನಾವು ಮೈಲಾಪೂರಿನಲ್ಲಿ ಹಳೆಯ ಕಟ್ಟಡದ ಎರಡನೇ ಮಹಡಿಗೆ ಬಂದೆವು. ಇಬ್ಬರೂ ಮದುವೆಯಾಗಲಿಲ್ಲ. ಅದರ ಕಥೆ ಬೇರೆ.

ಬೇಸಿಗೆ ಶಾಲೆಯ ಯೋಚನೆ ಅವಳ ತಲೆಗೆ ಹೊಕ್ಕಿದ್ದು ಒಂದು ಶಾಲೆಯ ಮೈದಾನದಲ್ಲಿ. ಪಿ.ಟಿ. ಮೇಷ್ಟ್ರೊಬ್ಬರು ಮಟಮಟ ಮಧ್ಯಾಹ್ನ ಮಕ್ಕಳನ್ನು ಸುತ್ತು ಹೊಡೆಸುತ್ತಿದ್ದರಂತೆ. ಒಬ್ಬ ಹುಡುಗಿ ತಲೆ ಸುತ್ತಿ ಬಿದ್ದಳು. ಮೇಷ್ಟ್ರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದವರು ಎದ್ದು ಬಂದು, "ಆಕ್ಟಿಂಗ್ ಮಾಡಬೇಡ, ಏಳು" ಎಂದರಂತೆ. ಅಕ್ಕ ಮನೆಗೆ ಬಂದವಳು ಊಟ ಮಾಡಲಿಲ್ಲ. "ಆ ಮನುಷ್ಯ ಕೆಟ್ಟೋನಲ್ಲ ಕಣೇ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಒಂದು ಮಗುವಿಗೆ ತಪ್ಪು ಕಲಿಸಿದ್ರೆ ಅದೊಂದು ತಪ್ಪು. ಒಬ್ಬ ಮೇಷ್ಟ್ರಿಗೆ ತಪ್ಪು ಕಲಿಸಿದ್ರೆ ಮುನ್ನೂರು ತಪ್ಪು" ಎಂದಳು. ಮುಂದಿನ ಮೇ ತಿಂಗಳಿಗೆ ಮೇಷ್ಟ್ರುಗಳಿಗೇ ಒಂದು ಶಾಲೆ ಶುರುವಾಯಿತು. ವರ್ಷಕ್ಕೆ ಹತ್ತು ದಿನ, ಅಡ್ಯಾರಿನ ಒಂದು ಶಾಲೆಯ ಮೈದಾನದಲ್ಲಿ.

ಹತ್ತು ದಿನದ ಶಾಲೆಗೆ ಫೆಬ್ರವರಿಯಿಂದಲೇ ಅಕ್ಕ ನಿದ್ದೆಗೆಡುತ್ತಿದ್ದಳು. ಅಡುಗೆಮನೆಯ ನೆಲದ ಮೇಲೆ ಕಾಗದ ಹರಡಿಕೊಂಡು ಊರೂರಿನ ಪಿ.ಟಿ. ಮೇಷ್ಟ್ರುಗಳಿಗೆ ಪತ್ರ ಬರೆಯುತ್ತಿದ್ದಳು. ಪತ್ರಕ್ಕೆ ಉತ್ತರ ಬರದಿದ್ದರೆ ಫೋನು. "ಸಾರ್, ರಜೆಯಲ್ಲಿ ಏನು ಮಾಡ್ತೀರಿ? ಮಾವಿನಹಣ್ಣು ತಿಂದು ಮಲಗ್ತೀರಿ. ಬನ್ನಿ ಸಾರ್, ಹತ್ತು ದಿನ ಓಡಿಸ್ತೀನಿ." ಮೈದಾನ ಕೊಡುವ ಶಾಲೆಯ ಹೆಡ್‌ಮಿಸ್ಸಿನ ಹತ್ತಿರ ಮೂರು ಸಲ ಹೋಗಿ ಬೇಡಿಕೊಳ್ಳಬೇಕು. ಹರ್ಡಲ್ಸ್ ಒಂದು ಕಡೆಯಿಂದ, ಎಸೆಯುವ ಗುಂಡು ಇನ್ನೊಂದು ಕಡೆಯಿಂದ ತರಿಸಬೇಕು. ಹೊರಗಿನಿಂದ ಬಂದವರಿಗೆ ಕ್ಲಾಸ್‌ರೂಮಿನಲ್ಲಿ ಚಾಪೆ ಹಾಸಬೇಕು. ಮೇ ತಿಂಗಳ ಚೆನ್ನೈಯಲ್ಲಿ ಎಲ್ಲಕ್ಕಿಂತ ದೊಡ್ಡ ಚಿಂತೆ ನೀರಿನದು, ದಿನಾ ಬೆಳಗ್ಗೆ ನೀರಿನ ಲಾರಿ ಬರುತ್ತದೋ ಇಲ್ಲವೋ ಎಂಬುದು.

ಅಡುಗೆ ನನ್ನದು. ಬೆಳಗ್ಗೆ ರಾಗಿ ಗಂಜಿ, ಹತ್ತು ಗಂಟೆಗೆ ಉಪ್ಪು ಹಾಕಿದ ನೀರು ಮಜ್ಜಿಗೆ. ಅದರ ಜೊತೆಗೆ ಇನ್ನೊಂದು ಕೆಲಸವೂ ನನ್ನದಾಗಿತ್ತು. ಆ ಕೆಲಸದ ಬಗ್ಗೆ ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ಶಾಲೆಯಲ್ಲಿ ಅಕ್ಕನದೊಂದು ಕಟ್ಟಳೆ ಇತ್ತು. ಕಲಿಯಲು ಬಂದ ಮೇಷ್ಟ್ರುಗಳು, ನಾವು ಕೋಚುಗಳೆನ್ನುತ್ತಿದ್ದವರು, ಬೆಳಗ್ಗೆ ಮೈದಾನಕ್ಕೆ ಬಂದ ತಕ್ಷಣ ಓಡುವಂತಿಲ್ಲ. ಬೇವಿನ ಮರದ ಕೆಳಗೆ ಜಮಖಾನ ಹಾಸಿರುತ್ತಿತ್ತು. ಎಲ್ಲರೂ ಹತ್ತು ನಿಮಿಷ ಅಲ್ಲಾಡದೆ ಮಲಗಬೇಕು. ಆಮೇಲೆ ಅಕ್ಕ ಸ್ಟಾಪ್‌ವಾಚ್ ಹಿಡಿದು "ಶುರು" ಎನ್ನುತ್ತಿದ್ದಳು. ಒಂದು ನಿಮಿಷ ಪ್ರತಿಯೊಬ್ಬರೂ ತಮ್ಮ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ತಮ್ಮ ನಾಡಿ ತಾವೇ ಎಣಿಸಬೇಕು. ಮೂವತ್ತು ಜನ ಹೊಟ್ಟೆ ಮೇಲೆ ಮಾಡಿ ಮಲಗಿ ತುಟಿ ಅಲ್ಲಾಡಿಸುವುದನ್ನು ನೋಡಿದರೆ ನಗು ಬರುತ್ತಿತ್ತು. ಆಮೇಲೆ ನಾನು ಪುಸ್ತಕ ಹಿಡಿದು ಒಬ್ಬೊಬ್ಬರ ಹತ್ತಿರ ಹೋಗಿ ಅಂಕಿ ಕೇಳಿ ಬರೆದುಕೊಳ್ಳುತ್ತಿದ್ದೆ. ಮೊದಲ ದಿನಕ್ಕಿಂತ ಹತ್ತು ಹೆಚ್ಚಿದ್ದರೆ ಅವರು ಆ ದಿನ ಓಡುವಂತಿಲ್ಲ. ನೆರಳಿನಲ್ಲಿ ಕೂತು ಬೇರೆಯವರ ಓಟದ ಟೈಮ್ ಹಿಡಿಯಬೇಕು.

"ಮೇಡಂ, ಇದು ಓಡೋ ಇಸ್ಕೂಲಾ, ಮಲಗೋ ಇಸ್ಕೂಲಾ?" ಎಂದು ಮೊದಲ ದಿನ ಯಾರೋ ಕೂಗಿದರು.

"ಮಲಗೋಕೆ ಬರದೋರಿಗೆ ಓಡೋಕೂ ಬರಲ್ಲ ಸಾರ್" ಎಂದಳು ಅಕ್ಕ. "ಮೈ ರಾತ್ರಿಯೆಲ್ಲ ಏನು ಪಟ್ಟಿದೆ ಅಂತ ಬೆಳಗ್ಗೆ ನಾಡಿ ಹೇಳುತ್ತೆ. ನಾಳೆ ನಿಮ್ಮ ಮಕ್ಕಳನ್ನ ಓಡಿಸೋಕೆ ಮುಂಚೆ ಕೇಳ್ತೀರಲ್ಲ, ಅದನ್ನ ಇವತ್ತು ನಿಮ್ಮ ಮೈಯನ್ನೇ ಕೇಳಿ ಕಲೀರಿ."

ಆ ಹತ್ತು ದಿನ ನಾನು ಬೇರೆಯೇ ಆಗಿರುತ್ತಿದ್ದೆ. ಎಂ.ಎ. ಮಾಡಿದವರು, ಇಪ್ಪತ್ತು ವರ್ಷ ಸರ್ವಿಸ್ ಆದವರು, ನನ್ನ ಮುಂದೆ ಮಲಗಿ "ಅರುವತ್ತೆಂಟು ಮೇಡಂ" ಎಂದು ಒಪ್ಪಿಸುತ್ತಿದ್ದರು. ನಾನು ಎಷ್ಟು ಓದಿದ್ದೇನೆ ಎಂದು ಯಾರೂ ಕೇಳಲಿಲ್ಲ. ಕೇಳಿದ ಒಬ್ಬಿಬ್ಬರಿಗೆ ಪಿಯುಸಿ ಎಂದು ಹೇಳಿದ್ದೆ.

ಕೊನೆಯ ವರ್ಷದ ಶಾಲೆಗೆ ಚೆನ್ನೈಯ ಉತ್ತರ ತುದಿಯ ತಿರುವೊಟ್ಟಿಯೂರಿನಿಂದ ಒಬ್ಬ ಮಾಸ್ಟರು ಬಂದಿದ್ದರು. ಐವತ್ತು ದಾಟಿದ್ದರು. ಮೀನುಗಾರರ ಮಕ್ಕಳು ಓದುವ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಎರಡು ಬಸ್ಸು ಬದಲಾಯಿಸಿ ಐದೂಮುಕ್ಕಾಲಿಗೆ ಎಲ್ಲರಿಗಿಂತ ಮೊದಲು ಬಂದು, ಜಮಖಾನ ಹಾಸಲು ನನಗೆ ಕೈ ಕೊಡುತ್ತಿದ್ದರು. ನನ್ನನ್ನು "ತಂಗಚ್ಚಿ" ಎನ್ನುತ್ತಿದ್ದರು, ತಮಿಳಿನಲ್ಲಿ ತಂಗಿಗೆ ಹೇಳುವ ಮಾತು. ಅವರು ಆಡಿದ್ದೆಲ್ಲ ತಮಿಳೇ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ಲೋಟ ಗಂಜಿ ಕುಡಿದು, "ತಂಗಚ್ಚಿ, ನಮ್ಮ ಮನೆಯವಳಿಗೆ ಈ ಕೈ ಇದ್ದಿದ್ದರೆ ನಾನು ಒಲಿಂಪಿಕ್ಸಿಗೇ ಹೋಗಿರ್ತಿದ್ದೆ" ಎನ್ನುತ್ತಿದ್ದರು. ನಾಡಿ ಎಣಿಸುವುದೆಂದರೆ ಅವರಿಗೆ ಇನ್ನಿಲ್ಲದ ಇಷ್ಟ. "ನಮ್ಮ ಹುಡುಗಿಯರಿಗೆ ಇದನ್ನ ಕಲಿಸಬೇಕು. ಸಮುದ್ರದ ಹತ್ತಿರ ಹುಟ್ಟಿದ ಮಕ್ಕಳು, ಹೊಟ್ಟೆಗಿಲ್ಲದಿದ್ದರೂ ಓಡ್ತವೆ, ಬಾಯಿ ಬಿಡಲ್ಲ" ಎಂದಿದ್ದರು. ಅದನ್ನು ಕೇಳಿ ಅಕ್ಕ ನನ್ನ ಕಡೆ ತಿರುಗಿ, "ಈ ಒಬ್ಬರು ಬಂದಿದ್ದಕ್ಕೆ ಈ ವರ್ಷದ ಶಾಲೆ ಸಾರ್ಥಕ ಕಣೇ" ಎಂದಳು.

ಆರನೇ ದಿನ ಪಾಠ ಮಾಡಲು ಹೊರಗಿನಿಂದ ಒಬ್ಬ ಪ್ರೊಫೆಸರು ಬಂದರು. ಮಧ್ಯಾಹ್ನ ಹಾಲಿನಲ್ಲಿ ಎಲ್ಲರೂ ಕೂತಿದ್ದಾಗ ನನ್ನ ಪುಸ್ತಕ ತಿರುವಿ ನೋಡಿ, "ಇಷ್ಟು ಅಚ್ಚುಕಟ್ಟಾಗಿ ಯಾರು ಇಟ್ಟಿದ್ದು? ನರ್ಸ್ ಯಾರಾದರೂ ಇದ್ದಾರಾ?" ಎಂದು ಕೇಳಿದರು.

ಅಕ್ಕ ಎದ್ದು ನನ್ನ ಕೈ ಹಿಡಿದು ಮುಂದಕ್ಕೆ ಎಳೆದಳು. "ನನ್ನ ತಂಗಿ ಸಾರ್. ಆರನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ರು. ನೋಡಿ, ಒಂದು ಅಂಕಿ ತಪ್ಪಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪಿಯುಸಿ ಎಂದು ನಾನು ಹೇಳಿದ್ದ ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ತಿರುವೊಟ್ಟಿಯೂರಿನ ಮಾಸ್ಟರು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು. ನನಗೆ ಆ ಒಂದೊಂದು ಚಪ್ಪಾಳೆಯೂ ಕೆನ್ನೆಗೆ ಹೊಡೆದ ಹಾಗಿತ್ತು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಎಲ್ಲರ ಮುಂದೆ ಯಾಕೆ ಹೇಳಿದೆ?"

"ಏನು ಹೇಳಿದೆ?"

"ಆರನೇ ಕ್ಲಾಸು ಅಂತ."

ಅಕ್ಕನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಹೆಮ್ಮೆಯಿಂದ ಹೇಳಿದೆನಲ್ಲೇ. ಅದರಲ್ಲಿ ನಾಚಿಕೆ ಏನು ಬಂತು?"

"ನಿನಗೆ ಹೆಮ್ಮೆ. ನೀನು ಓಡಲಿ ಅಂತ ತಾನೆ ನನ್ನನ್ನ ಬಿಡಿಸಿದ್ದು?"

ಇಷ್ಟು ವರ್ಷದಲ್ಲಿ ನಾನು ಆ ಮಾತು ಆಡಿದ್ದು ಅದೊಂದೇ ಸಲ. ಅಕ್ಕ ಬಚ್ಚಲಿಗೆ ಹೋದಳು. ಕಾಲು ತೊಳೆದು ಬಂದು ಮಾರನೆಯ ದಿನಕ್ಕೆ ಮಾಡಬೇಕಾದ ಕೆಲಸಗಳನ್ನು ಬರೆಯಲು ಕೂತಳು. ನನಗೆ ಅವಳು ಅಳಬೇಕಿತ್ತು. ಅವಳು ಅಳದೆ ಕೆಲಸ ಮಾಡಿದ್ದು ಇನ್ನಷ್ಟು ಉರಿಸಿತು.

ಏಳನೇ ದಿನ ಬೆಳಗ್ಗೆ ನೀರಿನ ಲಾರಿ ಬರಲಿಲ್ಲ. ಬೇರೆ ಬೀದಿಗೆ ಹೋಗಿ ನಿಂತಿದೆ ಎಂದು ಯಾರೋ ಹೇಳಿದರು. ಅಕ್ಕ ಸ್ಟಾಪ್‌ವಾಚನ್ನು ನನ್ನ ಕೈಗಿಟ್ಟು, "ಇವತ್ತು ನೀನೇ ಎಣಿಸಿಬಿಡೇ, ನಾನು ಲಾರಿ ಹಿಡ್ಕೊಂಡು ಬರ್ತೀನಿ" ಎಂದು ಮುಖ್ಯರಸ್ತೆಯ ಕಡೆ ಓಡಿದಳು.

ನಾನು ಜಮಖಾನ ಹಾಸಲಿಲ್ಲ. ಆರನೇ ಕ್ಲಾಸಿನವಳು ಹೇಳಿದರೆ ಎಂ.ಎ. ಮಾಡಿದವರು ಮಲಗುತ್ತಾರಾ ಎಂದು ನನ್ನೊಳಗೇ ಹಲ್ಲು ಕಡಿಯುತ್ತಾ ಒಲೆಯ ಹತ್ತಿರ ಕೂತೆ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಆರನೇ ದಿನದ ಅಂಕಿಗಳನ್ನು ನೋಡಿ ಏಳನೇ ದಿನದ ಕಾಲಮ್ಮಿನಲ್ಲಿ ಹಾಗೆಯೇ ಬರೆಯುತ್ತಾ ಹೋದೆ. ಅನುಮಾನ ಬರಬಾರದೆಂದು ಅಲ್ಲೊಂದು ಇಲ್ಲೊಂದು ಹೆಚ್ಚು ಕಡಿಮೆ ಮಾಡಿದೆ. ಐದು ನಿಮಿಷದ ಕೆಲಸ. ಕೋಚುಗಳು ಸ್ವಲ್ಪ ಹೊತ್ತು ಮರದ ಕೆಳಗೆ ನಿಂತು ನೋಡಿ, ಇವತ್ತು ಇಲ್ಲವೇನೋ ಎಂದುಕೊಂಡು ಖುಷಿಯಿಂದಲೇ ವಾರ್ಮಪ್ಪಿಗೆ ಹೋದರು.

ತಿರುವೊಟ್ಟಿಯೂರಿನ ಮಾಸ್ಟರು ಮಾತ್ರ ಒಲೆಯ ಹತ್ತಿರ ಬಂದರು. "ತಂಗಚ್ಚಿ, ಇವತ್ತು ಎಣಿಸಲ್ಲವಾ?"

"ಎಲ್ಲ ಬರೆದಾಯ್ತು ಸಾರ್."

"ನನ್ನ ಕೈ ನೋಡದೇನೇ ಬರೆದೆಯಾ? ನೀನೇನು ಜೋಸ್ಯ ಹೇಳೋಳಾ?" ಎಂದು ನಕ್ಕರು. ನಾನು ನಗಲಿಲ್ಲ. ಅವರು ಹೋಗದೆ ನಿಂತರು. "ನಿನ್ನೆ ಸಂಜೆಯಿಂದ ಮೈ ಸ್ವಲ್ಪ ಬಿಸಿ ಇತ್ತಮ್ಮಾ. ಕಷಾಯ ಕುಡಿದು ಬಂದೆ. ಅದಕ್ಕೇ ಒಂದು ಸಲ ನೋಡೋಣ ಅಂತ..."

ನಾನು ಗಂಜಿ ತಿರುವುತ್ತಿದ್ದೆ. ತಲೆ ಎತ್ತಲಿಲ್ಲ. "ಓಡಿ ಸಾರ್. ಬೆವರಿದರೆ ಇಳಿಯುತ್ತೆ" ಎಂದೆ.

"ಸರಿಮ್ಮಾ" ಎಂದು ಅವರು ಹೋದರು.

ಅಕ್ಕ ಲಾರಿಯ ಜೊತೆ ಬರುವಷ್ಟರಲ್ಲಿ ಆರೂವರೆ ದಾಟಿತ್ತು. ಸೀರೆಯ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, "ಎಲ್ಲರದ್ದೂ ಆಯ್ತಾ?" ಎಂದಳು. "ಆಯ್ತು" ಎಂದೆ. "ಯಾರದ್ದಾದ್ರೂ ಮೇಲಿದೆಯಾ?" "ಯಾರದ್ದೂ ಇಲ್ಲ." ಅವಳು ಪುಸ್ತಕ ಕೇಳಲಿಲ್ಲ. ನನ್ನ ಬೆನ್ನ ಮೇಲೊಮ್ಮೆ ಕೈಯಿಟ್ಟು, ಹಿಂದಿನ ದಿನದ ಮಾತಿಗೆ ಸಮಾಧಾನ ಹೇಳುವ ಹಾಗೆ ಒತ್ತಿ, ಮೈದಾನಕ್ಕೆ ಹೋದಳು.

ಆ ದಿನ ಹನ್ನೆರಡು ನಿಮಿಷದ ಓಟದ ಪರೀಕ್ಷೆ. ನಿಲ್ಲದೆ ಎಷ್ಟು ದೂರ ಓಡುತ್ತಾರೆ ಎಂದು ಅಳೆಯುವುದು. ಗಾಳಿ ಒಂದಿಷ್ಟೂ ಇರಲಿಲ್ಲ. ಮಾಸ್ಟರು ಆರನೇ ಸುತ್ತಿನ ತಿರುವಿನಲ್ಲಿ, ಯಾರೋ ಕರೆದರು ಎನ್ನುವ ಹಾಗೆ ಪಕ್ಕಕ್ಕೆ ತಿರುಗಿದರು. ಎರಡು ಹೆಜ್ಜೆ ಸೊಟ್ಟಗೆ ಇಟ್ಟು ಕುಸಿದರು. ಅಕ್ಕ ಎಂಟುನೂರು ಮೀಟರಿನ ಕೊನೆಯ ಸುತ್ತನ್ನು ಓಡುವ ಹಾಗೆ ಮೈದಾನದ ಅಡ್ಡಕ್ಕೆ ಓಡಿದಳು. ಆಗ ತಾನೆ ಲಾರಿಯಿಂದ ತುಂಬಿಸಿದ ನೀರನ್ನೆಲ್ಲ ಅವರ ಮೇಲೆ ಸುರಿದರು. ಅವರ ಮೈ ಮುಟ್ಟಿದವರು, ಕಾದ ಬಾಣಲೆಯ ಹಾಗಿತ್ತು ಎಂದರು. ಆಟೋದಲ್ಲಿ ಅಕ್ಕನ ತೊಡೆಯ ಮೇಲೆ ಅವರ ತಲೆಯಿತ್ತು. ಮಾರನೆಯ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಶಾಲೆ ಅಲ್ಲಿಗೇ ನಿಂತಿತು. ಮೂರು ದಿನದ ಅಕ್ಕಿ, ರಾಗಿ ಹಾಗೇ ಉಳಿಯಿತು.

ಆಮೇಲಿನ ಒಂದು ವಾರ ಅಕ್ಕ ಆ ಪುಸ್ತಕವನ್ನು ಕೈಬಿಡಲಿಲ್ಲ. ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕ ಇಟ್ಟುಕೊಳ್ಳುತ್ತಿದ್ದಳು. "ಎಪ್ಪತ್ತೆರಡೇ ಇದೆಯಲ್ಲೇ. ಹಿಂದಿನ ದಿನವೂ ಎಪ್ಪತ್ತೆರಡು. ಎಪ್ಪತ್ತೆರಡು ಇರೋ ಮನುಷ್ಯ ಹೀಗೆ ಹೇಗೆ ಬೀಳ್ತಾನೆ? ನಾನು ಕಲಿತಿದ್ದೇ ತಪ್ಪಾ?" ಎಂದು ನನ್ನನ್ನು ಕೇಳುತ್ತಿದ್ದಳು. ಎಷ್ಟು ಸಲ ಕೇಳಿದಳೋ. ಅಷ್ಟು ಸಲವೂ ನನಗೆ ಹೇಳಲು ಅವಕಾಶವಿತ್ತು. ನಾನು "ವಯಸ್ಸಾಗಿತ್ತಲ್ಲ ಅಕ್ಕ" ಎಂದೆ. "ಹಣೆಬರಹ" ಎಂದೆ. ಒಂದು ದಿನ "ಅನ್ನ ಆರಿಹೋಗ್ತಿದೆ" ಎಂದೆ.

ಶಾಲೆಗೆ ಬೆಂಬಲ ಕೊಡುತ್ತಿದ್ದ ಸಮಿತಿಯವರು ವಿಚಾರಣೆಗೆ ಕರೆದರು. ಅಕ್ಕನ ಜೊತೆ ನಾನೂ ಹೋದೆ. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಬಾಗಿಲು ಅರ್ಧ ತೆರೆದಿತ್ತು. ತೊಡೆಯ ಮೇಲೆ ಅಕ್ಕನಿಗೆಂದು ತಂದಿದ್ದ ಊಟದ ಡಬ್ಬಿ ಇತ್ತು.

ಒಳಗೆ ಒಬ್ಬರು ಕೇಳಿದರು. "ಅವತ್ತು ನಾಡಿ ಎಣಿಸಲೇ ಇಲ್ಲ ಅಂತ ಕೋಚುಗಳೆಲ್ಲ ಹೇಳ್ತಿದ್ದಾರೆ. ಎಲ್ಲರದ್ದೂ ಒಂದೇ ಮಾತು. ಹಾಗಾದರೆ ಈ ಪುಸ್ತಕದಲ್ಲಿ ಅಂಕಿ ಹೇಗೆ ಬಂತು ಮೇಡಂ?"

ಪುಟ ತಿರುವುವ ಸದ್ದು ಕೇಳಿತು. ಅದು ನಿಂತಿತು. ಎರಡು ದಿನಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಅವಳು ಒಂದೊಂದಾಗಿ ನೋಡುತ್ತಿದ್ದಾಳೆ ಎಂದು ನನಗೆ ಹೊರಗೇ ತಿಳಿಯಿತು. ಆ ಒಂದು ವಾರ ಅವಳು ಮಾಸ್ಟರ ಒಬ್ಬರ ಸಾಲನ್ನೇ ನೋಡಿದ್ದಳು. ಬೇರೆ ಸಾಲುಗಳನ್ನು ನೋಡಿರಲಿಲ್ಲ.

"ನಾನೇ ಬರೆದೆ" ಎಂದಳು ಅಕ್ಕ. "ಹಿಂದಿನ ದಿನದ್ದನ್ನ ನೋಡಿ ಬರೆದೆ. ಲಾರಿ ಗಲಾಟೆಯಲ್ಲಿ ಎಣಿಸೋಕೆ ಆಗಲಿಲ್ಲ."

"ಪುಸ್ತಕ ಬರೀತಿದ್ದಿದ್ದು ನಿಮ್ಮ ತಂಗಿ ಅಲ್ವಾ?"

"ಅವಳು ಅವತ್ತು ಒಲೆ ಹತ್ರ ಇದ್ಲು ಸಾರ್."

ಅದು ಸುಳ್ಳೇನೂ ಆಗಿರಲಿಲ್ಲ. ಬಾಗಿಲಿಗೂ ಬೆಂಚಿಗೂ ನಾಲ್ಕು ಹೆಜ್ಜೆ. ನಾನು ಏಳಲಿಲ್ಲ. ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಕೂತಿದ್ದೆ.

ಹೊರಗೆ ಬಂದ ಅಕ್ಕ ನನ್ನ ಮುಖ ನೋಡಲಿಲ್ಲ. ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು. ನನ್ನನ್ನು ಕೂರಿಸಿ ತಾನು ಕಂಬಿ ಹಿಡಿದು ನಿಂತಳು. ಮೈಲಾಪೂರ್ ಹತ್ತಿರ ಬಂದಾಗ, "ಬಿಸಿಲಲ್ಲಿ ಕೂತು ತಲೆ ನೋವು ಬಂತೇನೇ?" ಎಂದು ಕೇಳಿದಳು. ಅವಳು ಆ ವಿಷಯದ ಹತ್ತಿರಕ್ಕೆ ಬಂದದ್ದು ಅಷ್ಟೇ.

ಎಣಿಸಲು ಆಗಲಿಲ್ಲ ಎಂದಷ್ಟೇ ಹೇಳಿದ್ದರೆ ಅದನ್ನು ಅಜಾಗರೂಕತೆ ಎನ್ನುತ್ತಿದ್ದರು. ಸುಳ್ಳು ಅಂಕಿ ಬರೆದವಳು ಎಂದಮೇಲೆ ಅದು ಬೇರೆಯೇ ಆಯಿತು. ಇನ್ನು ಯಾವ ತರಬೇತಿಯನ್ನೂ ನಡೆಸಬಾರದು ಎಂದು ಹೇಳಿದರು. ಕೆಲಸದಲ್ಲಿ ಅವಳನ್ನು ಮೈದಾನದಿಂದ ಮೇಜಿಗೆ ಹಾಕಿದರು. ಅವಳ ಕೈಕೆಳಗೆ ಕಲಿತ ಕೋಚೊಬ್ಬ ಮೈಲಾಪೂರಿನ ಲಜ್ ಕಾರ್ನರ್ ಹತ್ತಿರ ಎದುರಿಗೆ ಬಂದವನು, ಅವಳನ್ನು ನೋಡಿ ರಸ್ತೆ ದಾಟಿ ಆಚೆ ಹೋದ. ಅಕ್ಕ ನಿಂತು, ಅವನು ಹೋಗುವುದನ್ನು ನೋಡಿ, "ಮೊಣಕಾಲು ಇನ್ನೂ ಎಳೀತಾನೆ. ಡಾಕ್ಟರಿಗೆ ತೋರಿಸು ಅಂತ ಹೇಳಿದ್ದೆ" ಎಂದಳು. ಫೆಬ್ರವರಿ ಬಂದರೆ ಅವಳು ಕಾಗದ, ಪೆನ್ನು ತೆಗೆದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು, ಆಮೇಲೆ ನೆನಪಾಗಿ ಎದ್ದು ಹೋಗುವುದನ್ನು ಮೂರ್ನಾಲ್ಕು ವರ್ಷ ನೋಡಿದೆ. ಆಮೇಲೆ ಅದೂ ನಿಂತಿತು.

ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಒಂದು ದಿನ ಅಕ್ಕ ಬೆಳಗ್ಗೆ ಹೊರಟು ಮಧ್ಯಾಹ್ನ ಬಿಸಿಲಲ್ಲಿ ಬೆಂದು ಬರುತ್ತಿದ್ದಳು. ಎಲ್ಲಿಗೆ ಎಂದರೆ "ಸ್ವಲ್ಪ ಕೆಲಸ ಇತ್ತು" ಎನ್ನುತ್ತಿದ್ದಳು. ನಾನು ಮತ್ತೆ ಕೇಳುತ್ತಿರಲಿಲ್ಲ. ಕೇಳಿದರೆ ಏನು ಹೇಳಿಯಾಳೋ ಎಂಬ ಭಯ.

ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದರು. ಆಪರೇಷನ್ ಮಾಡುವ ಹಂತ ದಾಟಿದೆ ಎಂದರು. ಮನೆಗೆ ಕರೆದುಕೊಂಡು ಬಂದೆ. ಎರಡು ತಿಂಗಳು ಮಲಗಿದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಚಮಚವನ್ನು ಕೈಯಿಂದ ತಡೆದಳು.

"ನನ್ನತ್ರ ಏನಾದ್ರೂ ಹೇಳೋದಿದೆಯೇನೇ?"

ಹನ್ನೊಂದು ವರ್ಷ ಅವಳು ಕೇಳದೆ ಬಿಟ್ಟಿದ್ದ ಪ್ರಶ್ನೆ. ಓಡುವ ಮಗು ತಾನಾಗಿ ಹೇಳುವುದಿಲ್ಲ ಎಂದು ತಿಳಿದವಳು, ಕೊನೆಗೆ ತಾನೇ ಕೇಳಿದಳು.

"ಉಪ್ಪು ಸಾಕಾ ಅಕ್ಕ?" ಎಂದೆ.

"ಸಾಕು" ಎಂದಳು. ಬಾಯಿ ತೆರೆದಳು. ಉಳಿದ ಗಂಜಿಯನ್ನು ಪೂರ್ತಿ ಕುಡಿದಳು. ಎಂಟು ದಿನಕ್ಕೆ ಹೋದಳು.

ಅಕ್ಕನ ಕರ್ಮಗಳೆಲ್ಲ ಮುಗಿದ ಮೇಲೆ ನಾನು ತಿರುವೊಟ್ಟಿಯೂರಿಗೆ ಹೋದೆ. ಮಾಸ್ಟರ ಹೆಂಡತಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಆ ಶಾಲೆಯ ಹೆಸರು ಹೇಳಿದರೆ ದೇವಸ್ಥಾನದ ಹಿಂದಿನ ಬೀದಿ ತೋರಿಸಿದರು. ಬಾಗಿಲು ತೆಗೆದವರು ನನ್ನ ಗುರುತು ಹಿಡಿಯಲಿಲ್ಲ. ಬೇಸಿಗೆ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳು ಎಂದೆ.

"ಗಂಜಿ ತಂಗಚ್ಚಿಯಾ?" ಅವರ ಮುಖ ಅರಳಿತು. "ದಿನಾ ಬಂದು ನಿನ್ನ ಗಂಜಿದೇ ಮಾತು. ನನಗೆ ಹೊಟ್ಟೆ ಉರಿದುಹೋಗ್ತಿತ್ತು. ಬಾ, ಬಾ, ಒಳಗೆ ಬಾ." ಕೈ ಹಿಡಿದು ಕರೆದುಕೊಂಡು ಹೋಗಿ ಕುರ್ಚಿ ಹಾಕಿ, ಫ್ಯಾನು ತಿರುಗಿಸಿ, ಕಾಫಿ ಮಾಡಿ ತಂದರು. ನಾನು ಕುಡಿದೆ. ಬೇಡ ಎನ್ನುವ ಧೈರ್ಯವೂ ನನಗಿರಲಿಲ್ಲ.

ಶಾಲೆ ನಡೆಸುತ್ತಿದ್ದ ನನ್ನ ಅಕ್ಕ ತೀರಿಹೋದಳು ಎಂದು ಹೇಳಿದೆ.

ಅವರು ನನ್ನ ಕೈಯಿಂದ ಲೋಟ ತೆಗೆದುಕೊಂಡರು. "ಅವರು ಬರ್ತಿದ್ದರು" ಎಂದರು. "ಪ್ರತಿ ವರ್ಷ, ಇವರು ಹೋದ ದಿನ. ಬಾಗಿಲ ಹೊರಗೆ ನಿಂತು, 'ತಪ್ಪು ನಂದು ಅಮ್ಮಾ' ಅನ್ನೋರು. ಮೊದಲನೇ ವರ್ಷ ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಬೈಯೋದೂ ಬಿಟ್ಟೆ. ಬಾಗಿಲು ಹಾಕಿಕೊಳ್ತಿದ್ದೆ. ಅವರು ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತು ಹೋಗೋರು. ಒಂದು ದಿನವೂ ಒಳಗೆ ಬಾ ಅನ್ನಲಿಲ್ಲ ನಾನು. ಸುಳ್ಳು ಅಂಕಿ ಬರೆದವಳು ಅಂತ ಗೊತ್ತಿದ್ದೂ ಹೇಗೆ ಕರೀಲಿ, ಹೇಳು?"

ಆಗ ಹೇಳಿದೆ. ಒಲೆ, ಪುಸ್ತಕ, ಕಷಾಯ, "ಬೆವರಿದರೆ ಇಳಿಯುತ್ತೆ" ಎಂದದ್ದು, ಬೆಂಚಿನ ಮೇಲೆ ಕೂತದ್ದು, ಎಲ್ಲವನ್ನೂ. ನನ್ನ ತಮಿಳು ಮಧ್ಯೆ ಮಧ್ಯೆ ಕೈಕೊಟ್ಟಿತು, ಆದರೂ ಬಿಡದೆ ಹೇಳಿದೆ. ಹೇಳಿದರೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಅವರು ಲೋಟವನ್ನು ನೆಲದ ಮೇಲಿಟ್ಟರು. "ಇದನ್ನ ಅವರಿಗೆ ಹೇಳಿದೆಯಾ?"

"ಇಲ್ಲ."

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ನನಗ್ಯಾಕೆ ಹೇಳಿದೆ?" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಿದ್ದರೆ ಚೆನ್ನಾಗಿತ್ತು. "ನಾನು ಇಷ್ಟು ವರ್ಷ ಒಬ್ಬರನ್ನ ದ್ವೇಷಿಸಿಕೊಂಡು ಬದುಕಿದೆ. ಅದೂ ತಪ್ಪೇ ಮಾಡದವರನ್ನ ಅಂತ ಈಗ ಬಂದು ಹೇಳ್ತಿದ್ದೀಯ. ಅವರು ಸತ್ತ ಮೇಲೆ. ಇನ್ನು ನಾನು ಯಾರ ಹತ್ತಿರ ಹೋಗಲಿ?" ಎಂದು ಅತ್ತರು. ಗಂಡನಿಗಾಗಿ ಅತ್ತ ಅಳುವಲ್ಲ ಅದು. ನನ್ನ ಅಕ್ಕನಿಗಾಗಿ ಅಳುತ್ತಿದ್ದರು.

ಕಣ್ಣೊರೆಸಿಕೊಂಡು, "ಹೋಗಮ್ಮಾ" ಎಂದರು.

ಬಾಗಿಲ ಹತ್ತಿರ ನಿಂತು, ಅಕ್ಕ ಎಲ್ಲಿ ನಿಲ್ಲುತ್ತಿದ್ದಳು ಎಂದು ಕೇಳಿದೆ. ಎದುರಿಗೆ ಕೊಳಾಯಿಯ ಪಕ್ಕ ಕೈ ತೋರಿಸಿ ಅವರು ಬಾಗಿಲು ಹಾಕಿಕೊಂಡರು.

ನಾನು ಅಲ್ಲಿ ಹೋಗಿ ನಿಂತೆ. ನೆರಳೇ ಇಲ್ಲದ ಜಾಗ. ಪಕ್ಕದ ಮನೆಯಾಕೆ ಕೊಡ ಹಿಡಿದು ಹೊರಗೆ ಬಂದವರು, ನಾನು ಅಲ್ಲಾಡದೆ ನಿಂತಿರುವುದನ್ನು ನೋಡಿ, "ಯಾರು ಬೇಕಮ್ಮಾ ನಿನಗೆ?" ಎಂದು ಕೇಳಿದರು. ಕೊಡ ಇಡಲು ಜಾಗ ಬಿಟ್ಟು, ಬಸ್ಸಿನ ಕಡೆ ನಡೆದೆ.